ಕುಂಟಿಯ ಬಟ್ಟಲಿಗೆ ಖಾರದ ಪುಡಿ

“ತಿಂಗಳು ಮುಗಿಯೋದ್ರೊಳಗೆ ಮೊಟ್ಟೆ ಇಟ್ಟರೆ ಗೂಡು, ಇಲ್ಲದಿದ್ರೆ ಪಾತ್ರೆ,” ಎಂದು ಮಾವ ಕೋಳಿ ಕುಂಟಿಗೆ ಗಡುವು ಕೊಟ್ಟುಬಿಟ್ಟಿದ್ದರು.

ಸೊಸೆ ಪ್ರಾಣಿಗಳ ಆಸ್ಪತ್ರೆಯಲ್ಲಿ ಕಾಂಪೌಂಡರ್. ಕಾಲು ಮುರಿದಿದೆಯೆಂದು ಯಾರೋ ಬಿಟ್ಟುಹೋಗಿದ್ದ ಈ ಕೋಳಿಮರಿಗೆ ಐಸ್‌ಕ್ರೀಮ್ ಕಡ್ಡಿ ಕಟ್ಟಿ ನಿಲ್ಲಿಸಿದವಳು ಅವಳೇ. ಸಾಕಿದ ಕೈಯಿಂದಲೇ ಮಸಾಲೆ ಅರೆಯಬೇಕೇ?

ಬೆಳಿಗ್ಗೆ ತುಂಬಿಸಿಟ್ಟ ನುಚ್ಚಿನ ಬಟ್ಟಲು ಸಂಜೆ ಅವಳು ಕೆಲಸದಿಂದ ಬರುವಾಗ ತೊಳೆದಿಟ್ಟಂತೆ ಖಾಲಿ. ಕುಂಟಿಯ ಎದೆಮೂಳೆ ಮಾತ್ರ ದಿನೇ ದಿನೇ ಚೂಪಾಗುತ್ತಿತ್ತು. ಇಲಿಗಳದೇ ಕಾರುಬಾರು ಎಂದುಕೊಂಡಳು. ಒಂದು ದಿನ ರಜೆ ಹಾಕಿ, ನುಚ್ಚಿಗೆ ಖಾರದ ಪುಡಿ ಕಲಸಿದಳು.

ಅತ್ತೆ ಹೌಹಾರಿದರು. “ಏನೇ ಇದು! ಬಾಯಿಲ್ಲದ ಜೀವಕ್ಕೆ ಖಾರ ಹಾಕ್ತಾರಾ?”

“ಹಕ್ಕಿಗಳಿಗೆ ಖಾರ ಗೊತ್ತಾಗಲ್ಲ ಅತ್ತೆ. ಗಿಣಿ ಮೆಣಸಿನಕಾಯಿ ತಿನ್ನೋದು ನೋಡಿಲ್ವಾ? ಉರಿಯೋದು ಇಲಿಗೆ.”

“ಒಳ್ಳೇದೇ ಆಯ್ತು,” ಮಾವ ಪೇಪರಿನ ಹಿಂದಿನಿಂದಲೇ ನಕ್ಕರು. “ಮಸಾಲೆ ಈಗಿಂದಲೇ ಒಳಗೆ ಹೋಗ್ತಿದೆ.”

ಸೊಸೆ ಹಲ್ಲು ಕಚ್ಚಿಕೊಂಡು ಹಿತ್ತಲ ಬಾಗಿಲ ಸಂದಿಯಲ್ಲಿ ಕೂತಳು. ಕುಂಟಿ ಕೆಂಪು ನುಚ್ಚನ್ನು ಹಬ್ಬದೂಟದಂತೆ ಕುಕ್ಕತೊಡಗಿತು. ಅಷ್ಟರಲ್ಲಿ ಗೂಡಿನ ಬಾಗಿಲನ್ನು ಮೂತಿಯಿಂದ ತಳ್ಳಿಕೊಂಡು ಒಳಗೆ ಬಂದದ್ದು ಯಾರು? ಸಾಹೇಬ! ಮಾವನ ಮುದ್ದಿನ ನಾಯಿ. ಕೋಳಿಯನ್ನು ಕಾಯಲೆಂದೇ ಹಿತ್ತಲಲ್ಲಿ ಬಿಟ್ಟಿದ್ದ ಕಾವಲುಗಾರ. ಬೇಲಿಯೇ ಎದ್ದು ಹೊಲ ಮೇಯುತ್ತಿತ್ತು.

ಸಾಹೇಬ ಎರಡು ಸಲ ನೆಕ್ಕಿದ. ಮೂರನೆಯದಕ್ಕೆ ಚಾಚಿದ ನಾಲಿಗೆ ಬಾಯೊಳಗೆ ಹೋಗಲಿಲ್ಲ. ಸೀನಿದ, ಜೊಲ್ಲು ಸುರಿಸಿದ, ಓಡಿ ನೀರಿನ ಬಕೆಟ್ಟಿಗೆ ಮುಖ ಅದ್ದಿದ.

ಅವಳಿಗೆ ನಗು ಬಂತು, ಮರುಕ್ಷಣವೇ ನಾಚಿಕೆಯೂ ಆಯಿತು. ನಾಯಿ ಬೆಕ್ಕಿಗೆ ಖಾರ ಕೊಡಬೇಡಿ, ಹೊಟ್ಟೆ ಕೆಡುತ್ತೆ ಎಂದು ಆಸ್ಪತ್ರೆಗೆ ಬಂದವರಿಗೆಲ್ಲ ಹೇಳುವವಳು ತಾನೇ. ಮನೆಯ ನಾಯಿಯೇ ನೆನಪಾಗಲಿಲ್ಲವಲ್ಲ! ಒದ್ದೆ ಬಟ್ಟೆಯಿಂದ ಅದರ ಮೂತಿ ಒರೆಸಿ, ಮೊಸರು ತಂದು ಕೈಯಾರೆ ನೆಕ್ಕಿಸಿದಳು.

ಮಾವ ಎಲ್ಲವನ್ನೂ ನೋಡಿದರು. ಸಾಹೇಬನ ಮೂತಿ ಒರೆಸಿದ ಬಟ್ಟೆಗೆ ಕೆಂಪು ನುಚ್ಚು ಅಂಟಿತ್ತು. ಅವರು ಪೇಪರು ಮಡಚಿಟ್ಟರು.

“ಇನ್ಮೇಲೆ ಖಾರ ಬೇಡ ಮಾವ. ಗೂಡಿಗೆ ಒಂದು ಚಿಲಕ ಸಾಕು.”

ಸಂಜೆಯ ಹೊತ್ತಿಗೆ ಸಾಹೇಬ ಮತ್ತೆ ಬಾಲ ಅಲ್ಲಾಡಿಸುತ್ತಿದ್ದ. ಮಾವನೇ ಸುತ್ತಿಗೆ ಹಿಡಿದು ಚಿಲಕ ಹೊಡೆದರು.

ಗಡುವಿಗೆ ಎರಡು ದಿನ ಉಳಿದಿದ್ದಾಗ ಹಿತ್ತಲಿನಿಂದ ಕೂಗು ಕೇಳಿಸಿತು. “ಬನ್ರೋ ಎಲ್ಲಾರೂ! ಇಟ್ಟುಬಿಡ್ತು!”

ಬೆಚ್ಚಗಿನ ಮೊಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಮಾವ ನಿಂತಿದ್ದರು. ಕುಂಟಿ ಊರಿಗೆಲ್ಲ ಕೇಳುವಂತೆ ಕೂಗುತ್ತ ಅವರ ಸುತ್ತ ಕುಂಟುತ್ತಿತ್ತು. ಸೊಸೆಯ ಕಣ್ಣು ತುಂಬಿ ಬಂತು. ಗೆದ್ದಿದ್ದಳು.

ಅತ್ತೆ ಸೆರಗಿನಲ್ಲಿ ನಗು ಮುಚ್ಚಿಕೊಂಡು ಕೇಳಿದರು, “ಹಂಗಾದ್ರೆ ಪಾತ್ರೆ ಇಡೋದು ಬೇಡ್ವಾ?”

“ಇಡೇ, ಇಡು,” ಎಂದರು ಮಾವ. “ಕುಂಟಿಗೆ ನುಚ್ಚು ಬೇಯಿಸು.”