ಉಸಿರುಪೆಟ್ಟಿಗೆ

ಸದಾ ತುಟಿಗಳ ನಡುವೆ ಒಂದು ತಿರುಪು ಕಚ್ಚಿಕೊಂಡೇ ಕೆಲಸ ಮಾಡುತ್ತಿದ್ದನೆಂದು ಬೀದಿಯವರೆಲ್ಲ ಅವನನ್ನು ತಿರುಪಣ್ಣ ಎಂದೇ ಕರೆಯುತ್ತಿದ್ದರು. ಮೆಕ್ಯಾನಿಕ್ಕಿಗೆ ಅದರಿಂದ ಅನುಕೂಲವೂ ಇತ್ತೆನ್ನಿ. ಗಿರಾಕಿ ಎಷ್ಟೇ ತಲೆ ತಿಂದರೂ ಉತ್ತರ ಕೊಡಬೇಕಿರಲಿಲ್ಲ, ತುಟಿಯತ್ತ ಬೆರಳು ತೋರಿಸಿದರೆ ಮುಗಿಯಿತು. ಆದರೆ ಹೋದ ವರ್ಷ, ಆಡಬಾರದಿದ್ದ ಒಂದು ಮಾತನ್ನು ಅವನು ತಿರುಪು ತೆಗೆದು ಆಡಿಬಿಟ್ಟಿದ್ದ. "ಗಾಡಿ ಬೆಟ್ಟ ಹತ್ತುತ್ತೆ ಅಕ್ಕ, ಕಣ್ಣು ಮುಚ್ಕೊಂಡು ಹೋಗು" ಅಂದಿದ್ದ.

ಹತ್ತಲಿಲ್ಲ.

ಅಕ್ಕ ಜೇನು ಸಾಕುವವಳು. ಕೆಳಗಿನ ಬಯಲಲ್ಲಿ ಹೂವು ಮುಗಿಯುತ್ತಿದ್ದಂತೆ ಪೆಟ್ಟಿಗೆಗಳನ್ನು ವ್ಯಾನಿಗೆ ಹೇರಿಕೊಂಡು ಬೆಟ್ಟದ ಮೇಲೆ ಹೂವಿರುವ ಕಡೆಗೆ ಸಾಗಿಸುವುದು ಅವಳ ಮೂವತ್ತು ವರ್ಷದ ರೂಢಿ. ಜೇನು ಸಾಗಿಸುವುದೆಂದರೆ ಆಲೂಗಡ್ಡೆ ಸಾಗಿಸಿದ ಹಾಗಲ್ಲ. ಹಿಂದಿನ ಸಂಜೆ ಹುಳಗಳೆಲ್ಲ ಒಳಸೇರಿದ ಮೇಲೆ ಬಾಗಿಲು ಮುಚ್ಚಬೇಕು, ಬೆಳಕು ಹರಿಯುವ ಹೊತ್ತಿಗೆ ಹೊರಡಬೇಕು, ಬಿಸಿಲೇರುವ ಮುಂಚೆ ಮೇಲೆ ತಲುಪಿ ಬಾಗಿಲು ತೆರೆಯಬೇಕು. ಗಾಡಿ ಓಡುತ್ತಿದ್ದರೆ ಪೆಟ್ಟಿಗೆಯೊಳಗೆ ಗಾಳಿ ಆಡುತ್ತದೆ, ನಿಂತರೆ ಇಲ್ಲ. ಹೋದ ವರ್ಷ ಏಳನೇ ತಿರುವಿನಲ್ಲಿ ವ್ಯಾನು ಕುದಿದು ನಿಂತಿತು. ಒಂದರ ಮೇಲೊಂದು ಪೇರಿಸಿ ಬಿಗಿದು ಕಟ್ಟಿದ ಪೆಟ್ಟಿಗೆಗಳು, ಹೊರಗಿನ ಸಾಲನ್ನು ಇಳಿಸಿ ಬಾಗಿಲು ತೆರೆಯುವಷ್ಟರಲ್ಲಿ ಒಳಗಿನ ಸಾಲಿನಲ್ಲಿ ಮೇಣ ಕರಗಿ, ಹುಳಗಳು ತಾವು ಕೂಡಿಟ್ಟ ಜೇನಿನಲ್ಲೇ ಮುಳುಗಿ ಸತ್ತಿದ್ದವು. ಇಪ್ಪತ್ತೆಂಟು ಪೆಟ್ಟಿಗೆಗಳಲ್ಲಿ ಹನ್ನೆರಡು ಜೇನುಕುಟುಂಬ. ಅಕ್ಕ ರಸ್ತೆಯಂಚಿನ ಕಲ್ಲುಗೋಡೆಯ ಮೇಲೆ ಕೂತು ಹನ್ನೆರಡನ್ನೂ ಕೈಯಾರೆ ಕೆರೆದು ಖಾಲಿ ಮಾಡಿದಳಂತೆ.

ಮನೆಗೆ ಬಂದವಳು ತಮ್ಮನನ್ನು ಬೈಯಲಿಲ್ಲ. ತಿರುಪಣ್ಣನನ್ನು ಸುಟ್ಟದ್ದು ಅದೇ. ಅಕ್ಕನ ಬಾಯಿ ಎಂಥದ್ದೆಂದು ಇಡೀ ಬೀದಿಗೆ ಗೊತ್ತು. ಚಿಕ್ಕವನಿದ್ದಾಗ ಒಂದು ಲೋಟ ಒಡೆದರೆ ಮೂರು ದಿನ ಬೈಗುಳ ತಿನ್ನಿಸುತ್ತಿದ್ದಳು. ಅಂಥವಳು ಈಗ ಎದುರು ಸಿಕ್ಕರೆ ಊಟ ಆಯಿತಾ, ನಿದ್ದೆ ಬಂತಾ ಎಂದು ನೆಂಟರನ್ನು ವಿಚಾರಿಸಿದಂತೆ ವಿಚಾರಿಸಿ ಒಳಗೆ ಹೋಗುತ್ತಿದ್ದಳು. ಒಂದು ವರ್ಷ ಪೂರ್ತಿ ಹೀಗೇ. ಭಾವನೇ ಒಂದು ದಿನ ಗ್ಯಾರೇಜಿಗೆ ಬಂದು ಗುಟ್ಟು ಬಿಟ್ಟುಕೊಟ್ಟ: ಇದೊಂದು ಸಲ ಹೋಗುತ್ತಾಳಂತೆ, ಗಾಡಿ ಮತ್ತೆ ದಾರಿಯಲ್ಲಿ ನಿಂತರೆ ಜೇನನ್ನೆಲ್ಲ ದೊಡ್ಡ ಲಾರಿ ಇಟ್ಟುಕೊಂಡಿರುವ ಇನ್ನೊಬ್ಬ ಜೇನು ಸಾಕುವವನಿಗೆ ಒಪ್ಪಿಸಿ ಕೈತೊಳೆದುಕೊಳ್ಳುತ್ತಾಳಂತೆ. ಜೇನಿಲ್ಲದ ಅಕ್ಕನನ್ನು ತಿರುಪಣ್ಣನಿಗೆ ಊಹಿಸಿಕೊಳ್ಳಲೂ ಆಗಲಿಲ್ಲ. ಅವತ್ತೇ ಹೋಗಿ ವ್ಯಾನನ್ನು ಎಳೆದು ತಂದ.

ಮೂರು ವಾರ ಅವನು ಬೇರೆ ಯಾವ ಗಾಡಿಯನ್ನೂ ಮುಟ್ಟಲಿಲ್ಲ. ಮುಂದಿನ ಸೀಟು ಎತ್ತಿದರೆ ಅದರಡಿಯಲ್ಲೇ ಇಂಜಿನ್. ಇಡೀ ತಲೆಭಾಗವನ್ನು ಕಳಚಿ ಮೇಜಿನ ಮೇಲಿಟ್ಟ. ಗಾಳಿ ಒಳಹೋಗುವ ನಾಲ್ಕು ಕಂಡಿಗಳೂ ಕಾರ್ಖಾನೆಯಿಂದ ಬಂದಾಗಿನಿಂದ ಒರಟೊರಟು, ಒಂದು ಇದ್ದ ಹಾಗೆ ಇನ್ನೊಂದಿಲ್ಲ. ಅವನ್ನು ಸಣ್ಣ ಅರದಿಂದ, ಆಮೇಲೆ ಬೆರಳಿಗೆ ಸುತ್ತಿದ ಉಜ್ಜುಕಾಗದದಿಂದ, ಕೂದಲೆಳೆಯಷ್ಟು ಕೂದಲೆಳೆಯಷ್ಟು ಉಜ್ಜಿ ಅಗಲಿಸಿದ. ತಲೆಯ ತಳವನ್ನು ಒಂದಿಷ್ಟು ಕೆತ್ತಿಸಿ ಒತ್ತಡ ಹೆಚ್ಚಿಸಿದ. ಗುಜರಿಯಿಂದ ದೊಡ್ಡ ಗಾಡಿಯೊಂದರ ರೇಡಿಯೇಟರ್ ತಂದು ಕೂರಿಸಿದ, ಹೊಗೆ ಸಲೀಸಾಗಿ ಹೋಗಲೆಂದು ಹಿಂದಿನ ಕೊಳವೆ ಬದಲಾಯಿಸಿದ. ಭಾವ ಬಕೆಟ್ ಮಗುಚಿಹಾಕಿ ಅದರ ಮೇಲೆ ಕೂತು, ಇಷ್ಟು ಉಜ್ಜಿದ್ದರೆ ನಮ್ಮ ಮನೆಯ ಪಾತ್ರೆಗಳಾದರೂ ಬೆಳ್ಳಗಾಗುತ್ತಿದ್ದವು ಎಂದು ಕಿಚಾಯಿಸುತ್ತಿದ್ದ. ಒಂದು ಮಧ್ಯಾಹ್ನ ಅಕ್ಕನೂ ಬಂದಳು. ಏನೂ ಕೇಳದೆ ಟಾರ್ಚು ತೆಗೆದುಕೊಂಡು ಕಂಡಿಯೊಳಗೆ ಇಣುಕಿದಳು. ಒಳಗೆ ಕನ್ನಡಿ ಇಟ್ಟಂತೆ ಫಳಫಳ. ತುಂಬ ಹೊತ್ತು ನೋಡಿ, ಬೆರಳು ಹಾಕಿ ಸವರಿ, ಟಾರ್ಚನ್ನು ಮೇಜಿನ ಮೇಲಿಟ್ಟು ಹೊರಟುಹೋದಳು.

ಉಳಿದದ್ದು ಗಾಳಿಯ ಪೆಟ್ಟಿಗೆ. ಹಳೆಯ ವ್ಯಾನು ಇಂಜಿನ್ ಪಕ್ಕದ ಬಿಸಿಗಾಳಿಯನ್ನೇ ಕುಡಿದು ಏದುಸಿರು ಬಿಡುತ್ತಿತ್ತು. ಹೊರಗಿನ ತಣ್ಣನೆ ಗಾಳಿ ಸಿಗಬೇಕೆಂದರೆ ಬಾಗಿಲ ಹಿಂದೆ, ಹೊರಮೈಗೆ, ಒಂದು ದೊಡ್ಡ ಪೆಟ್ಟಿಗೆ ಕೂರಿಸಿ ಅದರಿಂದ ರಬ್ಬರ್ ಕೊಳವೆ ಎಳೆಯಬೇಕು. ಅಷ್ಟು ತಗಡು ಕೈಯಲ್ಲಿರಲಿಲ್ಲ. ಭಾವ ಅಟ್ಟದಿಂದ ಒಂದು ಖಾಲಿ ಜೇನುಪೆಟ್ಟಿಗೆ ಇಳಿಸಿ ತಂದು, ಇದಾಗತ್ತಾ ನೋಡು ಎಂದ. ಅಳೆದು ನೋಡಿದರೆ ಹೇಳಿ ಮಾಡಿಸಿದ ಹಾಗಿತ್ತು. ತಿರುಪಣ್ಣ ಮುಂಭಾಗದಲ್ಲಿ ಮೂರು ಬೆರಳಗಲದ ತೂತು ಕೊರೆದ, ಒಳಗೆ ಕೊಳವೆಯ ಬಾಯಿಗೆ ಧೂಳು ತಡೆಯಲು ದುಂಡನೆಯ ಕಾಗದದ ಸೋಸುಕ ಸಿಕ್ಕಿಸಿದ. ಸಂದುಗಳಿಗೆ ಮೆತ್ತಲು ತಂದ ಅಂಟು ಸಾಲದೆ ಹೋದಾಗ ಅಕ್ಕನೇ ಮೇಣ ಕಾಯಿಸಿ ತಂದು ನೀಟಾಗಿ ಎರೆದಳು. ಇಬ್ಬರೂ ಅವರವರ ಕಸುಬಿನಲ್ಲಿ ಎತ್ತಿದ ಕೈ. ಆದರೂ ತಾವು ಏನು ಮಾಡುತ್ತಿದ್ದೇವೆಂದು ಇಬ್ಬರಿಗೂ ಹೊಳೆಯಲಿಲ್ಲ, ನೋಡಿ.

ಖಾಲಿ ಗಾಡಿಯನ್ನು ಒಂದು ಸಲ ಹತ್ತಿಸಿ ನೋಡಿದ. ಮೊದಲೆಲ್ಲ ಮೂರನೇ ತಿರುವಿಗೇ ಗೋಳಾಡುತ್ತಿದ್ದ ವ್ಯಾನು ಹಾಡಿಕೊಂಡು ಹತ್ತಿತು. ಆಮೇಲೆ ಅದನ್ನು ತಂದು ಅಕ್ಕನ ಹಿತ್ತಿಲಲ್ಲಿ, ಪೆಟ್ಟಿಗೆಗಳ ಸಾಲಿನ ಪಕ್ಕದಲ್ಲೇ, ನಿಲ್ಲಿಸಿದ. ಹೊರಡುವುದಕ್ಕೆ ಇನ್ನೂ ಎಂಟು ದಿನವಿತ್ತು. ನಾಲ್ಕನೇ ದಿನ ಮಧ್ಯಾಹ್ನ ಅಕ್ಕನ ಮೂರನೇ ಸಾಲಿನ ಒಳ್ಳೆಯ ಕುಟುಂಬವೊಂದು ಹಿಸ್ಸೆಯಾಗಿ, ಅರ್ಧಕ್ಕರ್ಧ ಹುಳ ಹಳೆಯ ರಾಣಿಯನ್ನು ಕರೆದುಕೊಂಡು ಎದ್ದುಹೋಯಿತು. ಅಕ್ಕ ಬೇಲಿಯುದ್ದಕ್ಕೂ ಹುಡುಕಿ ಬರಿಗೈಯಲ್ಲಿ ಬಂದಳು. ಅದೂ ಒಂದು ಹೋಯಿತಲ್ಲ ಎಂದು ಭಾವನ ಹತ್ತಿರ ಕೊರಗಿದಳಂತೆ.

ಹೊರಡುವ ದಿನ ಬೆಳಕು ಇನ್ನೂ ಬೂದಿಬಣ್ಣದಲ್ಲಿತ್ತು. ಉಳಿದ ಹದಿನಾರನ್ನು ವರ್ಷದಲ್ಲಿ ಪಾಲು ಮಾಡಿ ಬೆಳೆಸಿದ ಇಪ್ಪತ್ತೆರಡು ಪೆಟ್ಟಿಗೆ ಹೇರಿ ಬಿಗಿದಾಗಿತ್ತು. ತಿರುಪಣ್ಣ ಕೀಲಿ ತಿರುಗಿಸಿದ. ಇಂಜಿನ್ ಎದ್ದಿತು, ಆದರೆ ಒತ್ತಿದರೆ ಏರಲೊಲ್ಲದು, ಯಾರೋ ಗಂಟಲು ಹಿಸುಕಿದ ಹಾಗೆ ಕೆಮ್ಮಿ ಸಾಯುತ್ತಿತ್ತು. ಸೀಟು ಎತ್ತಿ ತಂತಿ ನೋಡಿದ, ಕಾರ್ಬ್ಯುರೇಟರ್ ಬಿಚ್ಚಿ ಊದಿದ, ಪ್ಲಗ್ಗು ಒರೆಸಿದ. ಎಲ್ಲ ಸರಿಯಾಗಿಯೇ ಇತ್ತು. ಅರ್ಧ ಗಂಟೆ ಹೋಯಿತು. ಬೆಟ್ಟದ ನೆತ್ತಿ ಕೆಂಪಾಗತೊಡಗಿತು. ಹಿಂದೆ ಮುಚ್ಚಿದ ಪೆಟ್ಟಿಗೆಗಳಲ್ಲಿ ಗುಂಯ್ ಎನ್ನುವ ಸದ್ದು ಗಳಿಗೆಗಳಿಗೆಗೂ ಏರುತ್ತಿತ್ತು.

ಇನ್ನೊಮ್ಮೆ ಚಾಲೂ ಮಾಡಲು ಹೋದಾಗ ಅಕ್ಕ ಕೈಯೆತ್ತಿ ತಡೆದಳು. ವ್ಯಾನಿನ ಪಕ್ಕಕ್ಕೆ ಬಂದು ಗಾಳಿಯ ಪೆಟ್ಟಿಗೆಗೆ ಅಂಗೈ ಒತ್ತಿದಳು, ಆಮೇಲೆ ಕಿವಿ ಆನಿಸಿದಳು.

"ಬಿಡು, ಇದು ನಿನ್ನ ಸದ್ದಲ್ಲ," ಅಂದಳು. "ನಂದು."

ಮುಚ್ಚಳದ ತಿರುಪುಗಳನ್ನು ಅವನು ಬಿಚ್ಚಿದ. ಅಕ್ಕ ಮೆಲ್ಲಗೆ ಎತ್ತಿದಳು. ಒಳಗೆ ಪೆಟ್ಟಿಗೆಯ ಛಾವಣಿಯಿಂದ, ಅಂದರೆ ಆ ಮುಚ್ಚಳದಿಂದಲೇ, ಐದು ಹೊಸ ರಟ್ಟುಗಳು, ಜೇನಿನ ಮೇಣದ ಎರಿಗಳು, ಇಳಿಬಿದ್ದಿದ್ದವು. ಒಂದೊಂದೂ ಅಂಗೈಯಗಲ, ಹಾಲಿನಷ್ಟು ಬಿಳಿ, ಬೆಳಕು ಆಚೆಯಿಂದೀಚೆಗೆ ಹಾಯುವಷ್ಟು ತೆಳು. ರಟ್ಟಿನಿಂದ ರಟ್ಟಿಗೆ ಹುಳಗಳು ಒಂದರ ಕಾಲನ್ನೊಂದು ಹಿಡಿದು ಸರಪಳಿಯಾಗಿ ತೂಗುತ್ತಿದ್ದವು. ಕೆಳಗೆ ಸೋಸುಕದ ತುಂಬ ಹುಳ, ಒಂದಿಂಚು ಕಾಗದವೂ ಕಾಣಿಸದ ಹಾಗೆ. ಎದ್ದುಹೋದ ಹಿಂಡು ದೂರವೇನೂ ಹೋಗಿರಲಿಲ್ಲ, ಪಕ್ಕದ ಸಾಲಿನ ಹುಳಗಳ ಓಡಾಟದಲ್ಲಿ ಅದರ ಓಡಾಟ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಜೇನಿನ ಅಳತೆಯ ಪೆಟ್ಟಿಗೆ, ಜೇನಿಗೆ ಬೇಕಾದಂಥ ಬಾಗಿಲು, ಸಂದುಸಂದಿಗೆ ತವರಿನ ಮೇಣದ ವಾಸನೆ. ಇಷ್ಟೆಲ್ಲ ಮಾಡಿಟ್ಟು ಕರೆದರೆ ಯಾರು ತಾನೇ ಬರುವುದಿಲ್ಲ!

ತಿರುಪಣ್ಣ ಗರಬಡಿದವನಂತೆ ನಿಂತ. ಬಾಯಿಂದ ತಿರುಪು ಬಿದ್ದದ್ದು ಅವನಿಗೆ ಗೊತ್ತೇ ಆಗಲಿಲ್ಲ. ಮೂವತ್ತು ವರ್ಷ ಅಕ್ಕನ ಹಿತ್ತಿಲಿಗೆ ಬಂದುಹೋಗಿದ್ದರೂ, ಕಚ್ಚೀತೆಂಬ ಹೆದರಿಕೆಗೆ ಒಮ್ಮೆಯೂ ಅವನು ಪೆಟ್ಟಿಗೆಯೊಳಗೆ ಇಣುಕಿರಲಿಲ್ಲ. ಈಗ ಹೆದರಿಕೆ ನೆನಪಿಗೇ ಬರಲಿಲ್ಲ. ಕೈ ತಾನಾಗಿ ಜೇಬಿಗೆ ಹೋಗಿ ಅಳತೆಯ ಮುಳ್ಳಿರುವ ಕ್ಯಾಲಿಪರ್ ತೆಗೆಯಿತು. ಅಂಚಿನ ಒಂದು ಗೂಡಿನ ಬಾಯಿಗೆ ಹಿಡಿದು ಅಳೆದ. ಪಕ್ಕದ್ದನ್ನು ಅಳೆದ. ಇನ್ನೊಂದು ರಟ್ಟಿನದನ್ನು ಅಳೆದ. ಮುಳ್ಳು ಒಂದೇ ಕಡೆ ನಿಲ್ಲುತ್ತಿತ್ತು. ನಾಲ್ಕು ಕಂಡಿಗಳನ್ನು ಒಂದೇ ಸಮ ಮಾಡಲು ಅವನಿಗೆ ದೀಪ, ಕನ್ನಡಕ, ಅರ ಎಲ್ಲ ಇದ್ದೂ ಮೂರು ವಾರ ಹಿಡಿದಿತ್ತು. ಇವು ಕತ್ತಲಲ್ಲಿ, ತಲೆಕೆಳಗಾಗಿ ತೂಗಾಡಿಕೊಂಡು, ನಾಲ್ಕು ದಿನದಲ್ಲಿ ಸಾವಿರಾರು ಮಾಡಿ ಮುಗಿಸಿದ್ದವು. ಅವನ ಕಣ್ಣಲ್ಲಿ ನೀರು ಬಂತು. ಮೂರು ವಾರದಿಂದ ಬೆಳೆಸಿಕೊಂಡಿದ್ದ ಜಂಬವೆಲ್ಲ ಎಲ್ಲಿ ಹೋಯಿತೋ ಗೊತ್ತಿಲ್ಲ, ಹೋದದ್ದಕ್ಕೆ ಬೇಜಾರೂ ಆಗಲಿಲ್ಲ.

"ಆಮೇಲೆ ನೋಡುವಿಯಂತೆ, ಬಿಸಿಲು ಬರ್ತಿದೆ," ಎಂದಳು ಅಕ್ಕ.

ಈಗ ಬುದ್ಧಿ ಓಡಿಸಬೇಕಾದ್ದು ಅವನ ಸರದಿ. ಹಿಂಡನ್ನು ಗುಡಿಸಿ ಹಾಕಿದರೆ ಪೆಟ್ಟಿಗೆ ಖಾಲಿಯಾಗುತ್ತದೆ, ಹೊರಡಬಹುದು. ಆ ಮಾತು ಅವನ ಬಾಯಿಗೆ ಬರಲಿಲ್ಲ. ಬೇರೆ ಪೆಟ್ಟಿಗೆಗೆ ಸಾಗಿಸಲು ಹೊತ್ತಿಲ್ಲ, ಎಳೆಯ ರಟ್ಟು ಮುರಿದೀತು. ಪೆಟ್ಟಿಗೆಯನ್ನೇ ಕಳಚಿದರೆ ಇಂಜಿನ್ ಮತ್ತೆ ಬಿಸಿಗಾಳಿ ಕುಡಿದು ಏಳನೇ ತಿರುವಿನಲ್ಲಿ ನಿಲ್ಲುತ್ತದೆ. ತಣ್ಣನೆ ಗಾಳಿ ಇನ್ನೆಲ್ಲಿದೆ? ಅವನು ವ್ಯಾನಿನ ಸುತ್ತ ಒಂದು ಸುತ್ತು ಹಾಕಿದ. ಮುಂದಿನ ಎರಡು ಕಿಟಕಿಗಳನ್ನೂ ಪೂರ್ತಿ ಇಳಿಸಿದ. ಅಕ್ಕ ಸೋಸುಕದ ಮೇಲಿದ್ದ ಹುಳಗಳನ್ನು ಒಂದು ಮೆತ್ತನೆ ಗರಿಯಿಂದ ಸವರಿ ಸವರಿ ಒಳಗೆ ಸೇರಿಸಿದಳು. ಎಳೆತಕ್ಕೆ ಸಿಕ್ಕಿ ಏಳೆಂಟು ಸತ್ತಿದ್ದವು, ಅವನ್ನು ಒಂದೊಂದಾಗಿ ಆಯ್ದು ಬೇಲಿಯ ಬುಡಕ್ಕೆ ಹಾಕಿದಳು. ಆಮೇಲೆ ಪೆಟ್ಟಿಗೆಯನ್ನು ಬೋಲ್ಟು ಬಿಚ್ಚಿ ಇಳಿಸಿ, ಕೊಳವೆ ಹೊಕ್ಕಿದ್ದ ಕಡೆ ಬಟ್ಟೆ ತುರುಕಿ, ಮುಂದಿನ ತೂತಿಗೆ ಜಾಲರಿ ಬಡಿದು, ಇಪ್ಪತ್ತಮೂರನೆಯದಾಗಿ ಹಿಂದೆ ಇಟ್ಟರು. ರಬ್ಬರ್ ಕೊಳವೆಯನ್ನು ಸೀಟಿನ ಸಂದಿಯಿಂದ ಮೇಲಕ್ಕೆಳೆದು, ಸೋಸುಕವಿದ್ದ ಅದರ ಬಾಯಿಯನ್ನು ಅವನು ಅಕ್ಕನ ತೊಡೆಯ ಮೇಲಿಟ್ಟ.

"ಇದು ಅದರ ಮೂಗು," ಎಂದ. "ಮೇಲೆ ಹೋಗೋವರೆಗೂ ಬಿಡಬೇಡ. ಬಟ್ಟೆ ಗಿಟ್ಟೆ ಹತ್ತಿರ ತರಬೇಡ."

ಇಂಜಿನ್ ಎದ್ದಿತು, ಒತ್ತಿದಷ್ಟೂ ಏರಿತು. ಭಾವ ಹಿತ್ತಿಲ ಬಾಗಿಲಲ್ಲಿ ಎರಡೂ ಕೈ ತಲೆಯ ಮೇಲಿಟ್ಟು ನಿಂತಿದ್ದ.

ಒಂದನೇ ತಿರುವು, ಎರಡನೇ ತಿರುವು. ತಿರುಪಣ್ಣನ ಕಣ್ಣು ಬಿಸಿ ತೋರಿಸುವ ಮುಳ್ಳಿನ ಮೇಲೆ. ಅಕ್ಕನ ಕಣ್ಣು ತೊಡೆಯ ಮೇಲಿನ ಸೋಸುಕದ ಮೇಲೆ. ಅವಳು ಅದನ್ನು ಕೂಸಿನ ತಲೆ ಹಿಡಿದ ಹಾಗೆ ಎರಡೂ ಕೈಯಲ್ಲಿ ಹಿಡಿದಿದ್ದಳು. ಏರು ಕಡಿದಾದಂತೆ ಅದು ಅವಳ ಬೆರಳುಗಳ ಸಂದಿಯಿಂದ ಗಾಳಿ ಎಳೆಯುತ್ತಿತ್ತು, ಸಮತಟ್ಟು ಬಂದರೆ ಹಗುರಾಗುತ್ತಿತ್ತು. ಐದನೇ ತಿರುವಿನಲ್ಲಿ ಅವಳು ಅಚ್ಚರಿಯಿಂದ, ತನಗೇ ಹೇಳಿಕೊಳ್ಳುವಂತೆ, "ಉಸಿರಾಡ್ತಿದೆ ಕಣೋ," ಅಂದಳು. "ಏರು ಬರೋದು ನಮಗಿಂತ ಮೊದಲು ಇದಕ್ಕೇ ಗೊತ್ತಾಗತ್ತೆ." ವರ್ಷದಲ್ಲಿ ಅವಳು ಅವನನ್ನು ಕಣೋ ಎಂದದ್ದು ಅದೇ ಮೊದಲು. ಅವನಿಗೆ ರಸ್ತೆ ಮಸುಕಾಯಿತು, ತೋಳಿನಿಂದ ಕಣ್ಣೊರೆಸಿಕೊಂಡ.

ಏಳನೇ ತಿರುವು ಬಂತು. ಕಲ್ಲುಗೋಡೆಯ ಬಿರುಕುಗಳಲ್ಲಿ ಹೋದ ವರ್ಷದ ಮೇಣ ಇನ್ನೂ ಹಳದಿ ಚುಕ್ಕೆಯಾಗಿ ಅಂಟಿಕೊಂಡಿತ್ತು. ಮುಳ್ಳು ಕೆಂಪಿನ ಅಂಚಿಗೆ ಬಂದು ತುಯ್ದಾಡಿತು. ಅವನ ಕಾಲು ಅರಿವಿಲ್ಲದೆ ಸಡಿಲವಾಯಿತು. ಅಕ್ಕ ಗೋಡೆಯ ಕಡೆ ತಿರುಗಿ ನೋಡಲಿಲ್ಲ. ಸೋಸುಕವನ್ನು ತೆರೆದ ಕಿಟಕಿಗೆ ಹತ್ತಿರ ಹಿಡಿದು, "ಒತ್ತು, ಇದರ ಉಸಿರು ಇನ್ನೂ ಗಟ್ಟಿ ಇದೆ" ಎಂದಳು. ಅವನು ಒತ್ತಿದ. ಮೂರು ವಾರ ಉಜ್ಜಿದ ನಾಲ್ಕೂ ಕಂಡಿಗಳು ಒಂದೇ ಕೊರಳಲ್ಲಿ ಕೂಗಿದವು. ವ್ಯಾನು ನಡುಗಲಿಲ್ಲ, ಕೆಮ್ಮಲಿಲ್ಲ, ಇಪ್ಪತ್ತಮೂರು ಕುಟುಂಬಗಳನ್ನು ಬೆನ್ನ ಮೇಲಿಟ್ಟುಕೊಂಡು ತಿರುವು ದಾಟಿ ಮೇಲಕ್ಕೆ ನುಗ್ಗಿತು. ತಾನೇ ಮಾಡಿದ ಇಂಜಿನ್ ಮುಂದೆ ತಿರುಪಣ್ಣ ಆಗ ಮಗುವಾಗಿಬಿಟ್ಟಿದ್ದ.

ಮೇಲೆ ಹೂವು ಕಣ್ಣು ಹಾಯುವಷ್ಟು ದೂರಕ್ಕೆ ಹಾಸಿತ್ತು. ಬಿಸಿಲು ಇನ್ನೂ ಎಳೆಯದು. ಅಕ್ಕ ಪ್ರತಿ ಪೆಟ್ಟಿಗೆಗೂ ಕಿವಿ ಕೊಟ್ಟು, ಹೂಂ, ಹೂಂ ಎನ್ನುತ್ತ ಒಂದೊಂದಾಗಿ ಬಾಗಿಲು ತೆರೆದಳು. ಒಂದೂ ಸುಮ್ಮನಿರಲಿಲ್ಲ. ಕೊನೆಗೆ ಗಾಳಿಪೆಟ್ಟಿಗೆಯ ಜಾಲರಿ ಕೀಳುವುದನ್ನು ತಿರುಪಣ್ಣನಿಗೇ ಬಿಟ್ಟಳು. ಹುಳಗಳು ಅವನು ಕೊರೆದ ತೂತಿನಿಂದ ಹೊರಬಂದು, ಮುಖ ತಿರುಗಿಸಿ ತಮ್ಮ ಮನೆಯನ್ನು ಚೆನ್ನಾಗಿ ನೋಡಿಕೊಂಡು, ಹೂವಿನತ್ತ ಹಾರಿದವು.

ಅಕ್ಕ ವ್ಯಾನಿನ ಮೆಟ್ಟಿಲ ಮೇಲೆ ಕೂತಳು. ನೀರು ಕುಡಿದಳು. ಬಾಟಲಿ ಕೆಳಗಿಟ್ಟು ಶುರು ಮಾಡಿದಳು.

"ಹತ್ತುತ್ತೆ ಅಂದ್ಯಲ್ಲೋ. ಹೋದ ವರ್ಷ. ಸೀಟೂ ಎತ್ತಿ ನೋಡದೆ ಹತ್ತುತ್ತೆ ಅಂದ್ಯಲ್ಲೋ ಅಯೋಗ್ಯ. ಹನ್ನೆರಡು ಮನೆ ಕಣೋ."

ಆಮೇಲೆ ಅವಳು ಅವನ ಜನ್ಮ ಜಾಲಾಡಿಬಿಟ್ಟಳು. ಒಡೆದ ಲೋಟದಿಂದ ಹಿಡಿದು, ಓದದೆ ಬಿಟ್ಟ ಪರೀಕ್ಷೆ, ಬಾಯಲ್ಲಿನ ಹಾಳು ತಿರುಪು, ಎಲ್ಲ ಬಂತು. ಹನ್ನೆರಡು ಕುಟುಂಬಗಳು ಮತ್ತೆ ಮತ್ತೆ ಬಂದವು. ಬೈಯುತ್ತ ಅಳುತ್ತಿದ್ದಳು, ಅಳುತ್ತಲೇ ಬೈಯುತ್ತಿದ್ದಳು. ತಿರುಪಣ್ಣ ಹುಲ್ಲಿನ ಮೇಲೆ ಅವಳ ಎದುರು ಕಾಲು ಮಡಿಸಿ ಕೂತು, ತಲೆ ತಗ್ಗಿಸಿ, ಒಂದು ಮಾತೂ ತಪ್ಪಿಸಿಕೊಳ್ಳದ ಹಾಗೆ ಕೇಳಿಸಿಕೊಂಡ. ಒಂದು ಹುಳ ಬಂದು ಅವನ ಮಣಿಕಟ್ಟಿನ ಮೇಲೆ ಕೂತಿತು, ಅವನು ಕೈ ಅಲ್ಲಾಡಿಸಲಿಲ್ಲ. ಅಕ್ಕ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಬಾಟಲಿ ಅವಳ ಕಡೆ ಸರಿಸಿ, ಇನ್ನೂ ಇದೆಯಾ ಎಂದು ಕೇಳಿದ. ಇನ್ನೂ ಇತ್ತು.