ಫೋನ್ ಹೇಳಿದ ಭಾಷೆ

ನಮ್ಮ ದ್ವೀಪದೇಶದ ರಾಜಧಾನಿ ಪೋರ್ಟ್ ವಿಲಾ ಪಕ್ಕದ ನಮ್ಮೂರಿನಲ್ಲಿ ಇಬ್ಬರು ಮಕ್ಕಳಿದ್ದರೆ ಒಬ್ಬರನ್ನು ಫ್ರೆಂಚ್ ತರಗತಿಗೆ, ಇನ್ನೊಬ್ಬರನ್ನು ಇಂಗ್ಲಿಷ್ ತರಗತಿಗೆ ಹಾಕುತ್ತಾರೆ. ಸರ್ಕಾರದ ಕಾಗದ ಎರಡರಲ್ಲಿ ಯಾವ ಭಾಷೆಯಲ್ಲಿ ಬಂದರೂ ಓದಿಸಿಕೊಳ್ಳಲು ಪಕ್ಕದ ಮನೆಗೆ ಓಡಬೇಕಿಲ್ಲ. ನನ್ನ ಗಂಡ ಕಲ್ತಕ್ ಫ್ರೆಂಚ್ ಓದಿದವನು, ನಾನು ಇಂಗ್ಲಿಷ್. ಮಗ ಕಲೊರಿಬ್ ಆಗಲೇ ಫ್ರೆಂಚ್ ಕಡೆ ಇದ್ದಾನೆ. ಮಗಳು ಲೈಮಾಸ್ ಇಂಗ್ಲಿಷ್ ಕಡೆ ಎನ್ನುವುದು ಅವಳು ತೊಟ್ಟಿಲಲ್ಲಿದ್ದಾಗಲೇ ಆದ ತೀರ್ಮಾನ.

ಈ ವರ್ಷ ಶಾಲೆಯವರು ಸೇರ್ಪಡೆಯನ್ನೆಲ್ಲ ವೆಬ್‌ಸೈಟಿಗೆ ಹಾಕಿದರು. ನಾನು ಗೆಣಸು ತುರಿಯುತ್ತಿದ್ದೆ, ಕೈಯೆಲ್ಲ ಅಂಟು. ನನ್ನ ಫೋನು ತೆಗೆದುಕೊಂಡು ಮಗಳ ಅರ್ಜಿ ನೀನೇ ತುಂಬು ಎಂದು ಗಂಡನಿಗೆ ಹೇಳಿದೆ. ಪುಟ ಫ್ರೆಂಚಿನಲ್ಲಿ ತೆರೆಯಿತು. ಅವನಿಗೆ ಖುಷಿಯಾಯಿತು. ತುರಿದದ್ದನ್ನು ಬೇಯಿಸಲು ನಾನು ಬಾಳೆಎಲೆಯಲ್ಲಿ ಮಡಚುವಷ್ಟರಲ್ಲಿ ತುಂಬಿ ಮುಗಿಸಿದ.

ಕೆಲವು ದಿನಗಳ ಮೇಲೆ ಸಂದೇಶ ಬಂತು: ಲೈಮಾಸ್‌ಗೆ ಫ್ರೆಂಚ್ ತರಗತಿಯಲ್ಲಿ ಜಾಗ ಸಿಕ್ಕಿದೆ. ಯಾವ ತರಗತಿ ಬೇಕೆಂದು ಆ ಪುಟ ಕೇಳಲೇ ಇಲ್ಲವೆಂದು ಗಂಡ ಆಣೆ ಹಾಕಿದ.

ಮರುದಿನ ಬಟ್ಟೆ ಒಣಹಾಕಿ, ಮಗಳ ಕೈ ಹಿಡಿದುಕೊಂಡು ಶಾಲೆಗೆ ಹೋದೆ. ವೆಬ್‌ಸೈಟ್ ಮಾಡಿದವನು ಆಬೆಲ್, ಗಂಡನ ಚಿಕ್ಕಪ್ಪನ ಮಗ. ಅವನು ಸಮಾಧಾನವಾಗಿ ವಿವರಿಸಿದ. ಪುಟ ತೆರೆದ ಕೂಡಲೇ ಅದು ಫೋನಿನ ಹತ್ತಿರ ಯಾವ ಭಾಷೆ ಬೇಕೆಂದು ವಿಚಾರಿಸುತ್ತದೆ. ಫೋನು ಹೇಳಿದ್ದೇ ಮನೆಯ ಭಾಷೆ, ಅದೇ ತರಗತಿ.

"ನಮ್ಮ ಫೋನ್ ಏನಂತು?"

"ಫ್ರೆಂಚ್ ಅಂತು, ಅತ್ತಿಗೆ."

"ಅದು ನಮ್ಮಣ್ಣ ನೂಮಿಯಾದಿಂದ ತಂದಿದ್ದು, ಅಲ್ಲೆಲ್ಲ ಫ್ರೆಂಚೇ. ಅಂಗಡೀಲಿ ಹೇಗಿತ್ತೋ ಹಾಗೇ ಇದೆ. ಶಾಲೆಗೆ ಹೋಗೋದು ಫೋನಲ್ಲ, ಇವಳು."

ಆಬೆಲ್ ಲೈಮಾಸ್‌ಳನ್ನು ನೋಡಿದ. ಇಂಗ್ಲಿಷ್ ತರಗತಿಯಲ್ಲಿ ಒಂದೇ ಜಾಗ ಉಳಿದಿದೆ, ಮಧ್ಯಾಹ್ನಕ್ಕೆ ಸೇರ್ಪಡೆ ಮುಗಿಯುತ್ತದೆ, ವೆಬ್‌ಸೈಟ್ ಬಿಟ್ಟು ಬೇರೆ ದಾರಿಯಿಲ್ಲ ಎಂದ. ನನ್ನ ಫೋನನ್ನು ಇಂಗ್ಲಿಷಿಗೆ ತಿರುಗಿಸಿಕೊಟ್ಟ. ಪುಟ ಮತ್ತೆ ಫ್ರೆಂಚಿನಲ್ಲೇ ತೆರೆಯಿತು. ಹೋದ ಸಲದ್ದನ್ನು ಅದು ನೆನಪಿಟ್ಟುಕೊಂಡಿತ್ತಂತೆ.

"ಜ್ಞಾಪಕಶಕ್ತಿ ಚೆನ್ನಾಗಿದೆ," ಎಂದೆ.

"ಅದಕ್ಕೇ ನಾನು ಜಾಸ್ತಿ ಕಷ್ಟಪಟ್ಟಿದ್ದು," ಎಂದ ಆಬೆಲ್.

ಮನೆಯಲ್ಲಿ ಯಾವ ಭಾಷೆಯೆಂದು ಹೇಳಿದರೆ ತಾನೇ ಒಳಗಿನಿಂದ ಬದಲಿಸುವುದಾಗಿ ಹೇಳಿದ. ಮಕ್ಕಳನ್ನು ಬೈಯುವುದು ಊರ ಭಾಷೆಯಲ್ಲಿ, ಸಂತೆಯಲ್ಲಿ ಎಲ್ಲರಿಗೂ ಬರುವ ಬಿಸ್ಲಾಮಾ, ನನ್ನ ಪ್ರಾರ್ಥನೆ ಇಂಗ್ಲಿಷಿನಲ್ಲಿ, ಫುಟ್‌ಬಾಲ್ ನೋಡುತ್ತಾ ಗಂಡ ಕಿರುಚುವುದು ಫ್ರೆಂಚಿನಲ್ಲಿ ಎಂದೆ. ಆ ಖಾನೆಯಲ್ಲಿ ಒಂದೇ ಭಾಷೆ ಹಿಡಿಯುವುದು ಎಂದ ಆಬೆಲ್.

"ಜನರನ್ನೇ ಕೇಳೋಕೆ ಏನಪ್ಪಾ ಕಷ್ಟ ನಿಂಗೆ?"

"ಜಾಸ್ತಿ ಕೇಳಿದ್ರೆ ಜನ ಬೇಜಾರು ಮಾಡ್ಕೋತಾರೆ ಅಂತ ಕಲಿಸಿದ್ರು, ಅತ್ತಿಗೆ."

"ಕೇಳದೇ ಇದ್ದಿದ್ದಕ್ಕೆ ಬೇಜಾರು ಮಾಡ್ಕೊಂಡು ಇಲ್ಲೀವರೆಗೂ ನಡ್ಕೊಂಡು ಬಂದಿದೀನಿ."

ಅವನು ಪುಟವನ್ನು ತಿದ್ದಲು ಕಂಪ್ಯೂಟರ್ ಮುಂದೆ ಕುಳಿತ. ಲೈಮಾಸ್ ನನ್ನ ತೊಡೆಯ ಮೇಲೆ ನಿದ್ದೆ ಹೋದಳು. ನಾನು ಗೋಡೆಯ ಗಡಿಯಾರವನ್ನೂ ಅವನ ಬೆನ್ನನ್ನೂ ನೋಡುತ್ತಿದ್ದೆ. ಮಧ್ಯಾಹ್ನದ ಗಂಟೆ ಹೊಡೆಯುವುದಕ್ಕೆ ಸ್ವಲ್ಪ ಮುಂಚೆ ಪುಟ ಮತ್ತೆ ತೆರೆಯಿತು. ಇಂಗ್ಲಿಷ್, ಫ್ರೆಂಚ್, ಬಿಸ್ಲಾಮಾ ಎಂದು ಮೂರು ಭಾಷೆಗಳ ಹೆಸರು, ಒಂದೊಂದೂ ಆಯಾ ಭಾಷೆಯಲ್ಲೇ. ನಿಮಗೆ ಯಾವುದು ಎಂದು ಮೊದಲು ಕೇಳಿತು. ಮಗುವಿಗೆ ಯಾವ ತರಗತಿ ಎಂದು ಆಮೇಲೆ ಬೇರೆಯಾಗಿ ಕೇಳಿತು. ನನಗೆ ಒಂದಿಷ್ಟೂ ಬೇಜಾರಾಗಲಿಲ್ಲ. ಎರಡಕ್ಕೂ ಇಂಗ್ಲಿಷ್ ಒತ್ತಿದೆ, ಜಾಗ ಸಿಕ್ಕಿತು.

ಶಾಲೆ ಶುರುವಾದ ದಿನ ಇಂಗ್ಲಿಷ್ ತರಗತಿಯ ಬಾಗಿಲಲ್ಲಿ ಟೀಚರ್ ಬಗ್ಗಿ, ಹೆಸರೇನು ಎಂದು ಲೈಮಾಸ್‌ಳನ್ನು ಇಂಗ್ಲಿಷಿನಲ್ಲಿ ಕೇಳಿದರು. ಆಮೇಲೆ ಬಿಸ್ಲಾಮಾದಲ್ಲಿ ಕೇಳಿದರು. ಅವಳು ನನ್ನ ಲಂಗ ಹಿಡಿದುಕೊಂಡು ಯಾವ ಭಾಷೆಯಲ್ಲೂ ಬಾಯಿ ಬಿಡಲಿಲ್ಲ. ಅವಳು ಬೆರಳು ಸಡಿಲಿಸುವವರೆಗೆ ನಾನು ಅಲ್ಲೇ ನಿಂತಿದ್ದೆ.