ನಾಲ್ಕನೆಯ ಕರ್ಣ

ಒಕಾಯಾ ಊರಿನ ನಮ್ಮ ಕಾರ್ಖಾನೆಯಲ್ಲಿ ಮೂರು ದಿಕ್ಕಿಗೂ ಅಳೆಯುವ ಯಂತ್ರವೊಂದಿದೆ. ವರ್ಷವೆಲ್ಲ ಅದು ಬೇರೆಯವುಗಳನ್ನು ಅಳೆಯುತ್ತದೆ. ವರ್ಷಕ್ಕೊಂದು ದಿನ ಅದನ್ನೇ ಅಳೆಯುತ್ತಾರೆ. ಹತ್ತೊಂಬತ್ತು ವರ್ಷ ಆ ಪರೀಕ್ಷೆ ಮಾಡಿ ಪುಸ್ತಕದಲ್ಲಿ ಸಹಿ ಹಾಕಿದವನು ನಾನು, ಹೊಶಿನಾ. ನಿವೃತ್ತನಾಗಿ ಆರು ವರ್ಷವಾಯಿತು. ಈ ಜನವರಿಯಲ್ಲಿ, ಒಂದು ಕಾಲದಲ್ಲಿ ನನ್ನ ಕೈಕೆಳಗೆ ಕೆಲಸ ಕಲಿತು ಈಗ ವ್ಯವಸ್ಥಾಪಕನಾಗಿರುವ ಯಾಜಿಮಾ ಫೋನ್ ಮಾಡಿದ.

"ಪರೀಕ್ಷೆಗೆ ಹೊರಗಿನೋರು ಬರ್ತಿದಾರೆ ಮೇಷ್ಟ್ರೇ. ನೀವೂ ಬಂದು ಕೂತ್ಕೊಳ್ಳಿ. ಮನೇಲಿ ಒಬ್ರೇ ಏನ್ ಮಾಡ್ತೀರಾ?"

ನನ್ನ ಹೆಂಡತಿ ಮಿಸಾವೊ ತೀರಿಕೊಂಡು ಎಪ್ಪತ್ತು ದಿನವಾಗಿತ್ತು. ನಲವತ್ತೊಂಬತ್ತನೆಯ ದಿನದ ವಿಧಿ ಮುಗಿದ ಮೇಲೆ ಮನೆಗೆ ಬರುವವರೂ ಕಡಿಮೆಯಾಗಿದ್ದರು. ಹೋದೆ.

ಪರೀಕ್ಷೆಗೆ ಬಂದಾಕೆ ಮಾತ್ಸುಮೊತೊ ಊರಿನ ಮೊಮೊಸೆ. ಮೂವತ್ತೈದರ ಆಸುಪಾಸು. ತನ್ನ ಉಕ್ಕಿನ ಕೋಲನ್ನು ಹಿಂದಿನ ದಿನವೇ ಅಳತೆಯ ಕೋಣೆಯಲ್ಲಿ ಇಟ್ಟು ಹೋಗಿದ್ದಳು. ಅದಕ್ಕೆ ಬಾಚಣಿಗೆಯಂತೆ ಹಲ್ಲುಗಳಿವೆ. ಹಲ್ಲಿನಿಂದ ಹಲ್ಲಿಗೆ ದೂರವೆಷ್ಟು ಎಂಬುದು ಮೊದಲೇ ಖಚಿತ. ಯಂತ್ರ ತನ್ನ ಮಾಣಿಕ್ಯದ ಗುಂಡಿನಿಂದ ಒಂದೊಂದೇ ಹಲ್ಲನ್ನು ಮುಟ್ಟಿ ಆ ದೂರವನ್ನು ಸರಿಯಾಗಿ ಹೇಳಬೇಕು. ಕೋಣೆಯ ಇಪ್ಪತ್ತು ಡಿಗ್ರಿಗೆ ಕೋಲು ಹೊಂದಿಕೊಂಡ ಮೇಲೆಯೇ ಅಳತೆ. ಆಕೆ ಕೈಗವಸು ತೊಟ್ಟು, ಬಿಸಿ ಬಾಣಲೆಯನ್ನು ಹಿಡಿಯುವವಳಂತೆ, ಕೋಲಿನ ಎರಡು ತುದಿಗಳನ್ನಷ್ಟೇ ಹಿಡಿದಳು. ಬಿಸಿಯಿದ್ದದ್ದು ಕೋಲಲ್ಲ, ಅವಳ ಕೈ. ಅದನ್ನು ಮರೆಯದ ಕೈಗಳನ್ನು ನಾನು ಬಹಳ ಕಂಡಿಲ್ಲ.

ಕೋಣೆ ಇಕ್ಕಟ್ಟು. ಯಂತ್ರದ ಗ್ರಾನೈಟ್ ಮೇಜಿನ ಹಿಂದಿನ ಎಡಮೂಲೆಗೆ ತಾಗಿದಂತೆ ಯಾಜಿಮಾ ನನಗೊಂದು ಸ್ಟೂಲು ಹಾಕಿಸಿದ್ದ. ನಾನು ಮೂಲೆಗೆ ಬೆನ್ನು ಮಾಡಿ, ಗೋಡೆಯ ಮೇಲಿನ ಪರದೆಯಲ್ಲಿ ಮೂಡುವ ಸಂಖ್ಯೆಗಳನ್ನು ನೋಡುತ್ತ ಕುಳಿತೆ.

ಮೊದಲು ಉದ್ದ, ಅಗಲ, ಎತ್ತರ. ಆಮೇಲೆ ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ನಾಲ್ಕು ಕರ್ಣಗಳು. ಯಂತ್ರದ ಡೊಂಕು ಅಡಗಿ ಕೂರುವುದು ಕರ್ಣಗಳಲ್ಲಿ. ಎರಡೂವರೆ ಮೈಕ್ರಾನಿನವರೆಗೆ ತಪ್ಪು ಕ್ಷಮ್ಯ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಮೂರು ಕರ್ಣಗಳು ಸಲೀಸಾಗಿ ಪಾಸಾದವು. ನಾಲ್ಕನೆಯದು ನನ್ನ ಮೂಲೆಯಿಂದ ಮೇಲೇರುತ್ತಿತ್ತು. ಪರದೆಯ ಮೇಲೆ 3.2 ಎಂದು ಬಂತು.

ಯಾಜಿಮಾ ನನ್ನ ಕಡೆ ತಿರುಗಿದ. ಅವನು ಕೇಳದೆ ಬಿಟ್ಟ ಪ್ರಶ್ನೆ ನನಗೆ ಗೊತ್ತಿತ್ತು: ಈ ಡೊಂಕು ಎಂದಿನಿಂದ? ಈ ಯಂತ್ರ ಅಳೆಯುವುದು ಹೃದಯದ ರೋಗಿಗಳಿಗೆ ಜೋಡಿಸುವ ರಕ್ತದ ಪಂಪಿನ ಭಾಗಗಳನ್ನು. ನನ್ನ ಹತ್ತೊಂಬತ್ತು ಸಹಿಗಳನ್ನು ನಂಬಿ ಎಷ್ಟು ಪಂಪುಗಳು ಎಷ್ಟು ಎದೆಗಳೊಳಗೆ ಹೋಗಿದ್ದವೋ.

"ಕಂಪ್ಯೂಟರಲ್ಲಿ ಒಂದು ಸಂಖ್ಯೆ ತಿದ್ದಿದ್ರೆ ಆಯ್ತಲ್ವಾ ಮೊಮೊಸೆ ಸಾನ್? ಹತ್ತು ನಿಮಿಷದ ಕೆಲಸ" ಎಂದ ಯಾಜಿಮಾ. "ನಾಳೆ ಬೆಳಿಗ್ಗೆಗೆ ಇನ್ನೂರು ಪಂಪು ಕಾಯ್ತಾ ಇವೆ."

"ತಪ್ಪು ಯಾರದ್ದು ಅಂತ ಗೊತ್ತಾಗದೆ ತಿದ್ದಲ್ಲ."

"ಯಂತ್ರದ್ದೇ! ಇನ್ಯಾರದ್ದು, ನಂದಾ?"

"ನಂದಿರಬಹುದು. ಮೊದಲು ನನ್ನ ಕೋಲನ್ನೇ ಅನುಮಾನಿಸ್ಬೇಕು. ಸರಿಯಾಗಿರೋ ಯಂತ್ರನ ಇವತ್ತು ತಿದ್ದಿದ್ರೆ ನಾಳೆಯಿಂದ ಅದು ನಿಜವಾಗ್ಲೂ ಸುಳ್ಳು ಹೇಳುತ್ತೆ."

ಕೋಲನ್ನು ಬಿಚ್ಚಿ, ಒರೆಸಿ, ಮತ್ತೆ ಕಟ್ಟಿದಳು. 3.7. ಇನ್ನೊಮ್ಮೆ. 4.1. ಯಾಜಿಮಾ ನಿಟ್ಟುಸಿರು ಬಿಟ್ಟ. ಆಕೆಯ ಮುಖ ಮಾತ್ರ ಅರಳಿತು.

"ಡೊಂಕಾಗಿದ್ರೆ ಮೂರು ಸಲಾನೂ ಅಷ್ಟೇ ಡೊಂಕಿರ್ಬೇಕಿತ್ತು. ಇದು ಬೆಳೀತಿದೆ. ಶಾಖ." ದೀಪ, ಗಾಳಿಯ ಕಿಂಡಿ, ನೆಲ ಎಲ್ಲವನ್ನೂ ನೋಡಿದಳು. "ಇಬ್ರೂ ಸ್ವಲ್ಪ ಆಚೆ ಇರ್ತೀರಾ?"

"ನಾವೇನು ಒಲೆಗಳಾ?"

"ಒಬ್ಬ ಮನುಷ್ಯ ಅಂದ್ರೆ ನೂರು ವ್ಯಾಟಿನ ಬಲ್ಬು, ಯಾಜಿಮಾ ಸಾನ್. ನೀವು ಸ್ವಲ್ಪ ಜಾಸ್ತಿನೇ ಇರ್ಬಹುದು."

ಹೊರಗಿನ ಓಣಿಯಲ್ಲಿ ಮೈ ನಡುಗುವ ಚಳಿ. ಯಾಜಿಮಾ ಅಂಗೈ ಉಜ್ಜಿಕೊಳ್ಳುತ್ತಿದ್ದ. ನನಗೂ ಕೈಕಾಲು ತಣ್ಣಗಾಗುತ್ತಿದ್ದವು. ಸೊಂಟ ಮಾತ್ರ ಬೆಚ್ಚಗಿತ್ತು. ಕೈ ಹಿಂದಕ್ಕೆ ಹೋಯಿತು. ಅಲ್ಲಿ ಬಿಸಿ ಪಟ್ಟಿ ಇತ್ತು.

ಬಟ್ಟೆಗೆ ಅಂಟಿಸಿಕೊಂಡರೆ ದಿನವೆಲ್ಲ ಕಾವು ಕೊಡುವ ಪಟ್ಟಿ ಅದು. ನಿವೃತ್ತನಾದ ಮೇಲೆ ಚಳಿಗಾಲದ ಬೆಳಗುಗಳಲ್ಲಿ ಮಿಸಾವೊ ಅದನ್ನು ನನ್ನ ಬನಿಯನ್ನಿಗೆ, ಸೊಂಟದ ನಡುವಿಗೆ ಸರಿಯಾಗಿ ಅಂಟಿಸಿ, "ಹೋಗಿ ಈಗ" ಎಂದು ಮೇಲೊಂದು ಪೆಟ್ಟು ಕೊಡುತ್ತಿದ್ದಳು. ಅವಳು ತಂದಿಟ್ಟ ಎರಡು ಪೆಟ್ಟಿಗೆ ಇನ್ನೂ ಉಳಿದಿವೆ. ಅಂದು ಬೆಳಿಗ್ಗೆ ಯೋಚಿಸದೆ ಒಂದನ್ನು ತೆಗೆದು ಅಂಟಿಸಿಕೊಂಡಿದ್ದೆ. ಎದುರಿಗೇ ಅಳತೆಯ ಕೋಣೆಯ ಬಾಗಿಲು, ಅದರ ಮೇಲೆ ನನ್ನದೇ ಅಕ್ಷರದಲ್ಲಿ, "ಬಿಸಿ ಪಟ್ಟಿ ಧರಿಸಿ ಒಳಗೆ ಬರಬಾರದು."

ಮೆಲ್ಲಗೆ ಕಿತ್ತು ಕಸದ ಬುಟ್ಟಿಗೆ ಹಾಕಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಜನರ ಮೈಕಾವು ಎಂದು ಮುಗಿದುಹೋಗುತ್ತಿತ್ತು. ನಾನೊಬ್ಬ ಮೂಢ ಎಂದು ಪ್ರತಿದಿನ ಅಮಿದಾ ಬುದ್ಧನ ಮುಂದೆ ಹೇಳಿಕೊಳ್ಳುವವನು ನಾನು. ಹಾಗೆ ಹೇಳುವುದು ಸುಲಭ. ಅದರ ಸಾಕ್ಷಿಯನ್ನು ಕೈಯಲ್ಲಿ ಹಿಡಿದು ನಿಲ್ಲುವುದು ಕಷ್ಟ. ಪಟ್ಟಿಯನ್ನು ಕಿತ್ತು ಕೈಯಲ್ಲಿ ಹಿಡಿದು, ಬುದ್ಧನ ಹೆಸರು ಹೇಳಿಕೊಂಡು ಬಾಗಿಲು ತಟ್ಟಿದೆ.

ಮೊಮೊಸೆ ನಗಲಿಲ್ಲ. ಪಟ್ಟಿಗೆ ತಾಪಮಾಪಕ ಒತ್ತಿ ಐವತ್ತೊಂದು ಡಿಗ್ರಿ ಎಂದು ಬರೆದುಕೊಂಡಳು. ನಕ್ಕವನು ಯಾಜಿಮಾ. "ಬಾಗಿಲ ಮೇಲಿನ ಬೋರ್ಡು ಯಾರು ಬರ್ದಿದ್ದು ಮೇಷ್ಟ್ರೇ?" ಆಮೇಲೆ ಆಕೆಗೆ, "ಸರಿ, ಸಿಕ್ತಲ್ಲ. ಪಾಸು ಅಂತ ಬರೆದುಬಿಡಿ."

"ಇದೇ ಕಾರಣ ಅಂತ ಹೊಶಿನಾ ಸಾನ್ ಹೇಳ್ತಿದಾರೆ. ಯಂತ್ರ ಇನ್ನೂ ಹೇಳಿಲ್ಲ."

ನನ್ನ ತಪ್ಪೊಪ್ಪಿಗೆಯನ್ನೂ ಆಕೆ ಅಳೆಯದೆ ಒಪ್ಪಲಿಲ್ಲ. ನನ್ನ ಕಾಲದಲ್ಲಿ ನಾನಾಗಿದ್ದರೆ, ಹಿರಿಯರ ಮಾತಿಗೆ ತಲೆಬಾಗಿ ಒಪ್ಪಿಬಿಡುತ್ತಿದ್ದೆನೇನೋ.

ಗ್ರಾನೈಟ್ ತಣಿಯಲು ಮೂರು ಗಂಟೆ ಕಾದಳು. ಊರಿಗೆ ಹೋಗುವ ರೈಲು ತಪ್ಪಿತು. ಓಣಿಯಲ್ಲಿ ನಿಂತೇ ಅನ್ನದುಂಡೆ, ಉಪ್ಪಿನಲ್ಲಿ ಹಾಕಿದ ಸೊಪ್ಪು ತಿಂದಳು. ನನ್ನ ಹೆಂಡತಿ ತೀರಿಕೊಂಡದ್ದನ್ನು ಯಾಜಿಮಾ ಆಕೆಗೆ ಹೇಳಿದ್ದ. ನನಗೂ ಒಂದು ಉಂಡೆ ಕೊಟ್ಟಳು. ಆಮೇಲೆ ಒಬ್ಬಳೇ ಒಳಗೆ ಹೋದಳು. ನಾವು ಗಾಜಿನಾಚೆಯಿಂದ ನೋಡಿದೆವು. 1.6. 1.6. 1.7. ಮೂರೂ ಎರಡೂವರೆಯ ಒಳಗೇ.

ಪುಸ್ತಕ ತೆರೆದು ಆಕೆ ಕಾರಣ ಬರೆಯತೊಡಗಿದಾಗ ಯಾಜಿಮಾ ತಡೆದ. "ಮೇಷ್ಟ್ರ ಹೆಸರು ಯಾಕೆ? ನೋಡೋಕೆ ಬಂದೋರೊಬ್ರು ಅಂತ ಬರೀರಿ ಸಾಕು."

ಆಕೆ ನನ್ನನ್ನು ನೋಡಿದಳು.

"ಬರಿಯಮ್ಮ. ಹತ್ತೊಂಬತ್ತು ಸಲ ಆ ಪುಸ್ತಕದಲ್ಲಿ ನನ್ನ ಹೆಸರಿದೆ. ಇದೊಂದನ್ನ ಮಾತ್ರ ಬಿಟ್ರೆ ಅವನ್ನ ಯಾರು ನಂಬ್ತಾರೆ?"

ಹೆಸರು ಬರೆದಳು. "ಎಷ್ಟು ಹೊತ್ತಿಗೆ ಅಂಟಿಸಿದ್ದು?"

"ಆರೂವರೆಗೆ."

"ಜಾಗ? ಸೊಂಟದ ನಡುವೆನಾ?"

"ಇಲ್ಲ, ಎಡಕ್ಕೆ ಸರಿದಿತ್ತು. ನನ್ನ ಕೈ ಅಲ್ಲಿವರೆಗೆ ಮಾತ್ರ ಎಟಕುತ್ತೆ."

ಪೆನ್ನು ನಿಂತಿತು. ಆಕೆ ತಲೆಬಾಗಿ ನಮಸ್ಕರಿಸಿ, "ಎಡಕ್ಕೆ" ಎಂದು ಬರೆದಳು.